ಖಾಲಿ ಅಂತ ಬರೆದಿಟ್ಟ ಬಯಲು

ಫ್ರಾನ್ಸಿನ ಲಾರ್ಜಾಕ್ ಬಯಲಿನಲ್ಲಿ ಮಳೆ ಕಡಿಮೆಯೇನಲ್ಲ. ನೀರು ಮಾತ್ರ ಇಲ್ಲ. ಈ ವಿಚಿತ್ರ ಮೊದಲು ತಲೆಗೆ ಹತ್ತಬೇಕು. ಅಲ್ಲಿನ ಹಳ್ಳಿ, ಕುರಿ, ಕೋಟೆ, ಹತ್ತು ವರ್ಷದ ಜಗಳ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ದಕ್ಷಿಣ ಫ್ರಾನ್ಸಿನ ಮೋಂಪೆಲಿಯೆ ನಗರದಿಂದ ಎ75 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತು ದ್ರಾಕ್ಷಿ ತೋಟಗಳು ಜೊತೆಗಿರುತ್ತವೆ. ಆಮೇಲೆ ಒಂದು ಘಾಟಿ. ಘಾಟಿ ಹತ್ತಿದ ಮೇಲೆ ಬೆಟ್ಟದ ತುದಿ ಸಿಗುತ್ತದೆ ಅಂದುಕೊಂಡಿರುತ್ತೇವಲ್ಲ, ಅಲ್ಲಿ ಸಿಗುವುದು ತುದಿಯಲ್ಲ, ಬಯಲು. ಸಮುದ್ರಮಟ್ಟದಿಂದ ಸುಮಾರು 600ರಿಂದ 900 ಮೀಟರ್ ಎತ್ತರದಲ್ಲಿ, ಹತ್ತಿರಹತ್ತಿರ 1,000 ಚದರ ಕಿಲೋಮೀಟರ್ ಹರಡಿದ ಕಲ್ಲುಬಯಲು. ಇಂಥ ಸುಣ್ಣಕಲ್ಲಿನ ಪ್ರಸ್ಥಭೂಮಿಗೆ ಅಲ್ಲಿಯವರು 'ಕೋಸ್' ಅನ್ನುತ್ತಾರೆ. ಆ ಭಾಗದ ದೊಡ್ಡ ಕೋಸ್‌ಗಳಲ್ಲಿ ಲಾರ್ಜಾಕ್ ಎಲ್ಲಕ್ಕಿಂತ ದೊಡ್ಡದು.

ನಾನು ಹೋದದ್ದು ಸೆಪ್ಟೆಂಬರ್ ಕೊನೆಗೆ. ಹುಲ್ಲು ಒಣಗಿತ್ತು. ಕಾರಿನಿಂದ ಇಳಿದ ಕೂಡಲೇ ಮೂಗಿಗೆ ಬಡಿದದ್ದು ಕಾಡು ಥೈಮ್ ಗಿಡದ ವಾಸನೆ, ಆಮೇಲೆ ಗಾಳಿ. ಸುತ್ತ ಎಲ್ಲಿ ನೋಡಿದರೂ ಮನೆ ಇಲ್ಲ, ಮರವೂ ಕಡಿಮೆ. ನೋಡಿದವರು ಯಾರಾದರೂ 'ಇಲ್ಲೇನಿದೆ?' ಅಂತಲೇ ಕೇಳಿಯಾರು. ಪ್ಯಾರಿಸ್‌ನಲ್ಲಿ ಕೂತವರೂ ಒಮ್ಮೆ ಹಾಗೆಯೇ ಅಂದುಕೊಂಡರು. ಅದರ ಕಥೆ ಆಮೇಲೆ.

ಈ ಬಯಲು ಒಂದು ಕಾಲಕ್ಕೆ ಸಮುದ್ರದ ತಳ. ಜುರಾಸಿಕ್ ಕಾಲದಲ್ಲಿ, ಅಂದರೆ 15ರಿಂದ 20 ಕೋಟಿ ವರ್ಷಗಳ ಹಿಂದೆ, ಚಿಪ್ಪು ಕೆಸರು ಎಲ್ಲಾ ಪದರ ಪದರವಾಗಿ ಕೂತು ಸುಣ್ಣಕಲ್ಲಾಯಿತು. ಸುಣ್ಣಕಲ್ಲಿಗೆ ಮಳೆನೀರನ್ನು ಹಿಡಿದಿಟ್ಟು ಗೊತ್ತಿಲ್ಲ. ನೀರು ಬಿರುಕು ಹುಡುಕುತ್ತದೆ, ಬಿರುಕನ್ನು ಕರಗಿಸಿ ದೊಡ್ಡದು ಮಾಡುತ್ತದೆ, ಇಳಿದು ಹೋಗುತ್ತದೆ. ಮೇಲೆ ಹೊಳೆ ಇಲ್ಲ, ಹಳ್ಳ ಇಲ್ಲ. ಒಳಗೆ ಮಾತ್ರ ಗುಹೆ, ಸುರಂಗ, ಕತ್ತಲಲ್ಲಿ ಹರಿಯುವ ನದಿಗಳು. ಆ ನೀರು ನೂರಾರು ಮೀಟರ್ ಕೆಳಗೆ, ಬಯಲಿನ ಅಂಚಿನ ಕಣಿವೆಗಳಲ್ಲಿ ಬುಗ್ಗೆಯಾಗಿ ಹೊರಗೆ ಬರುತ್ತದೆ. ನಾಂ ಎಂಬ ಊರಿನ ಹತ್ತಿರ ದುರ್ಜೋನ್ ಅಂತ ಒಂದು ಬುಗ್ಗೆ ಇದೆ. ಮೇಲೆ ಬಿದ್ದ ಮಳೆಯೇ ಅಲ್ಲಿ ತಣ್ಣಗೆ ಉಕ್ಕುತ್ತದೆ. ಮೇಲಿನವರು ಬಾಯಾರಿ ಕೂತಿದ್ದರೆ ಕೆಳಗಿನ ಕಣಿವೆಯವರು ತೋಟ ಮಾಡಿಕೊಂಡಿರುತ್ತಿದ್ದರು. ಈಗ ಆ ಬುಗ್ಗೆಯ ನೀರನ್ನು ಪಂಪ್ ಮಾಡಿ ಮೇಲಕ್ಕೆ ಕೊಡುತ್ತಾರೆ. ಅದು ಇತ್ತೀಚಿನ ಮಾತು, 20ನೇ ಶತಮಾನದ್ದು.

ಅಲ್ಲಲ್ಲಿ ಸುಣ್ಣಕಲ್ಲು ಕುಸಿದು ತಟ್ಟೆಯಂಥ ತಗ್ಗುಗಳಾಗಿವೆ. ಅವುಗಳ ತಳದಲ್ಲಿ ಕೆಂಪು ಜೇಡಿಮಣ್ಣು ಸೇರಿಕೊಂಡಿರುತ್ತದೆ. ಆ ತಗ್ಗುಗಳಷ್ಟೇ ಹೊಲ. ಉಳಿದದ್ದೆಲ್ಲ ಕುರಿಗೆ.

ಇಂಥ ಜಾಗದಲ್ಲಿ ಲಾ ಕುವೆರ್ತ್ವರಾದ್ ಎಂಬ ಹಳ್ಳಿ ಇದೆ. ಸುತ್ತ ಕೋಟೆಗೋಡೆ, ಒಳಗೆ ಕಲ್ಲಿನ ಮನೆಗಳು, ಮಧ್ಯೆ ಬಂಡೆಯ ಮೇಲೆ ಒಂದು ಹಳೆಯ ಕೋಟೆಮನೆ, ಪಕ್ಕದಲ್ಲಿ ಚರ್ಚು. ಆಸುಪಾಸಿನ ಒಂಟಿ ಮನೆಗಳನ್ನೆಲ್ಲ ಸೇರಿಸಿದರೂ ಪಂಚಾಯ್ತಿಯ ಒಟ್ಟು ಜನ 200 ಮುಟ್ಟುವುದಿಲ್ಲ. ಫ್ರಾನ್ಸಿನ ಅತಿ ಸುಂದರ ಹಳ್ಳಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಹಾಗಾಗಿ ಬೇಸಿಗೆಯಲ್ಲಿ ಊರಿನ ಜನಕ್ಕಿಂತ ಕ್ಯಾಮೆರಾ ಹಿಡಿದವರೇ ಜಾಸ್ತಿ. ನಾನೂ ಹಿಡಿದಿದ್ದೆ, ಬಿಡಿ.

ಇಂಥ ಕಡೆ ಊರು ಕಟ್ಟಿದವರು ಯಾರು ಅಂದರೆ, ಯುದ್ಧಕ್ಕೆ ಹಣ ಬೇಕಾಗಿದ್ದ ಸನ್ಯಾಸಿಗಳು. 12ನೇ ಶತಮಾನದಲ್ಲಿ ಲಾರ್ಜಾಕ್‌ನ ದೊಡ್ಡ ಭಾಗ ಟೆಂಪ್ಲರ್ ಪಂಗಡದ ಕೈಗೆ ಬಂತು. ಇವರು ಕ್ರಿಶ್ಚಿಯನ್ ಸನ್ಯಾಸಿ ಯೋಧರು. ಜೆರುಸಲೆಮ್ ಕಡೆಯ ಧರ್ಮಯುದ್ಧಗಳಿಗೆ ಕುದುರೆ, ಚರ್ಮ, ಉಣ್ಣೆ, ಧಾನ್ಯ, ಹಣ ಎಲ್ಲವೂ ಬೇಕಿತ್ತು. ಅದನ್ನು ಹುಟ್ಟಿಸಲು ಅವರಿಗೆ ಈ ಬಯಲು ಕಂಡಿತು. ಸೇಂತ್ ಯುಲಾಲಿ ಎಂಬ ಊರಲ್ಲಿ ಮುಖ್ಯ ಠಾಣ್ಯ ಮಾಡಿಕೊಂಡರು, ಲಾ ಕುವೆರ್ತ್ವರಾದ್‌ನಲ್ಲಿ ಕೋಟೆಮನೆ ಕಟ್ಟಿದರು. ಸಿನಿಮಾದ ಟೆಂಪ್ಲರ್‌ಗಳು ನಿಧಿ ಬಚ್ಚಿಡುತ್ತಾರೆ. ಇಲ್ಲಿಯವರು ಕುರಿ ಎಣಿಸುತ್ತಿದ್ದರು. ನನಗೆ ಈ ಎರಡನೆಯವರೇ ಹೆಚ್ಚು ನಿಜ ಅನಿಸುತ್ತಾರೆ.

1307ರಲ್ಲಿ ಫ್ರಾನ್ಸಿನ ರಾಜ ಟೆಂಪ್ಲರ್‌ಗಳನ್ನು ಒಂದೇ ಬೆಳಗ್ಗೆ ದೇಶದ ತುಂಬ ಹಿಡಿಸಿ ಹಾಕಿದ. 1312ರಲ್ಲಿ ಪೋಪ್ ಆ ಪಂಗಡವನ್ನೇ ರದ್ದು ಮಾಡಿದ. ಆಸ್ತಿ ಹಾಸ್ಪಿಟಲರ್ ಎಂಬ ಇನ್ನೊಂದು ಯೋಧ ಪಂಗಡಕ್ಕೆ ಹೋಯಿತು. ಕುರಿಗಳಿಗೆ ಇದರಿಂದ ಏನೂ ವ್ಯತ್ಯಾಸ ಆಗಿರಲಿಕ್ಕಿಲ್ಲ. ಫ್ರಾನ್ಸ್, ಇಂಗ್ಲೆಂಡ್ ನಡುವಿನ ನೂರು ವರ್ಷಗಳ ಯುದ್ಧದ ಕೊನೆಯ ದಿನಗಳಲ್ಲಿ ಸಂಬಳ ಸಿಗದ ಸೈನಿಕರ ಗುಂಪುಗಳು ಊರೂರು ಲೂಟಿ ಮಾಡುತ್ತಿದ್ದಾಗ, ಹಾಸ್ಪಿಟಲರ್‌ಗಳು ಹಳ್ಳಿಯ ಸುತ್ತ ಈಗಿರುವ ಗೋಡೆ ಕಟ್ಟಿಸಿದರು. ಅದು 15ನೇ ಶತಮಾನ. ಪ್ರವಾಸಿಗರು ಟೆಂಪ್ಲರ್ ಗೋಡೆ ಅಂತ ಫೋಟೋ ತೆಗೆಯುವುದು ನಿಜಕ್ಕೂ ಅವರ ನಂತರ ಬಂದವರ ಗೋಡೆಯನ್ನು. ಫ್ರೆಂಚ್ ಕ್ರಾಂತಿ ಬಂದಾಗ ಹಾಸ್ಪಿಟಲರ್‌ಗಳ ಆಸ್ತಿಯೂ ಹರಾಜಾಯಿತು.

ಕೋಟೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಹೊರಗಿನ ನೀರಿನ ಹೊಂಡ. ದುಂಡಗೆ, ಅಂಚಿನಿಂದ ನಡುವಿಗೆ ನಿಧಾನವಾಗಿ ಇಳಿಜಾರು, ತಳಕ್ಕೆಲ್ಲ ಕಲ್ಲು ಹಾಸು. ಇದರ ಹೆಸರು ಲಾವೋನ್ಯ. ನಮ್ಮ ಬಯಲುಸೀಮೆಯ ಗೋಕಟ್ಟೆ ಇದ್ದಹಾಗೆ, ಆದರೆ ಇಲ್ಲಿ ಕುರಿಗೆ. ನೆಲ ನೀರು ಹಿಡಿಯುವುದಿಲ್ಲವಲ್ಲ, ಅದಕ್ಕೆ ಜೇಡಿಮಣ್ಣನ್ನು ತುಳಿದು ಗಟ್ಟಿ ಮಾಡಿ, ಕುರಿಯ ಗೊರಸಿಗೆ ಅದು ಹಾಳಾಗದಂತೆ ಮೇಲೆ ಕಲ್ಲು ಹೊಂದಿಸಿದ್ದಾರೆ. ಇಳಿಜಾರು ಯಾಕೆ ಅಂದರೆ ನೀರು ಎಷ್ಟೇ ಇಳಿದರೂ ಕುರಿ ನಡೆದು ಹೋಗಿ ಕುಡಿಯಬಹುದು. ಬಹಳ ಸರಳ. ಆದರೆ ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಕಟ್ಟುವುದಕ್ಕೂ, ಹೂಳು ತೆಗೆಯುವುದಕ್ಕೂ ಊರೇ ಬೇಕು.

ಜನರ ಕುಡಿಯುವ ನೀರು ಛಾವಣಿಯಿಂದ ಬರುತ್ತಿತ್ತು. ತೆಳು ಸುಣ್ಣಕಲ್ಲಿನ ಚಪ್ಪಡಿ ಹೊದಿಸಿದ ಛಾವಣಿ, ಅದರ ಕೆಳಗಂಚಿನಿಂದ ಕಲ್ಲಿನ ದೋಣಿ, ದೋಣಿಯಿಂದ ಕತ್ತಲೆಯ ತೊಟ್ಟಿ. ಮನೆ ಕಟ್ಟುವ ಕ್ರಮವೂ ಬೇರೆ. ದೊಡ್ಡ ಮರ ಸಿಗದ ಕಡೆ ತೊಲೆ ಎಲ್ಲಿಂದ ತರುವುದು? ಹಾಗಾಗಿ ಎಲ್ಲದಕ್ಕೂ ಕಲ್ಲಿನ ಕಮಾನು. ಕೆಳಗಿನ ಕಮಾನಿನಡಿ ಕುರಿ, ಮೇಲೆ ಮನುಷ್ಯರು, ಹೊರಗಿನಿಂದ ಹತ್ತುವ ಕಲ್ಲಿನ ಮೆಟ್ಟಿಲು. ಚಳಿಗಾಲದಲ್ಲಿ ಕುರಿಗಳ ಮೈಬಿಸಿ ಮೇಲಕ್ಕೆ ಬರುತ್ತಿತ್ತು. ವಾಸನೆಯೂ ಬರುತ್ತಿತ್ತು ಅನ್ನುವುದನ್ನು ಪ್ರವಾಸಿ ಫಲಕಗಳು ಹೇಳುವುದಿಲ್ಲ.

ಕೆಲವು ಬಾಗಿಲುಗಳ ಮೇಲೆ ಸೂರ್ಯನಂಥ ಒಣ ಹೂವೊಂದನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ಕಾರ್ದಬೆಲ್ ಅಂತ, ನೆಲಕ್ಕೆ ಅಂಟಿಕೊಂಡು ಬೆಳೆಯುವ ಮುಳ್ಳುಗಿಡದ ಹೂವು. ಗಾಳಿಯಲ್ಲಿ ತೇವ ಹೆಚ್ಚಾದರೆ ಮುಚ್ಚಿಕೊಳ್ಳುತ್ತದೆ, ಒಣಗಾಳಿಗೆ ಬಿಚ್ಚಿಕೊಳ್ಳುತ್ತದೆ. ಕುರುಬರಿಗೆ ಅದೇ ಹವಾಮಾನ ವರದಿ. ಇದರ ತಿರುಳನ್ನು ತಿನ್ನುತ್ತಿದ್ದರಂತೆ ಕೂಡ. ಈಗ ಕೀಳುವಂತಿಲ್ಲ, ರಕ್ಷಣೆ ಇದೆ.

ಇನ್ನು ಕುರಿ. ಇಲ್ಲಿ ಕುರಿ ಸಾಕುವುದು ಮುಖ್ಯವಾಗಿ ಹಾಲಿಗೆ. ಲಾಕೋನ್ ಎಂಬ ತಳಿ, ಉದ್ದ ಮುಖ, ಮೈಮೇಲೆ ಉಣ್ಣೆ ಅಷ್ಟಕ್ಕಷ್ಟೇ. ಹಾಲು ಹೋಗುವುದು ಬಯಲಿನ ಪಶ್ಚಿಮದ ಅಂಚಿನ ಕೆಳಗಿರುವ ರೋಕ್‌ಫೋರ್ ಎಂಬ ಊರಿಗೆ. ಅಲ್ಲಿ ಕೊಂಬಾಲು ಎಂಬ ಬೆಟ್ಟದ ಅಂಚು ಎಂದೋ ಕುಸಿದು ಬಿದ್ದಿದೆ. ಕುಸಿದ ಬಂಡೆಗಳ ನಡುವೆ ಸಂದುಗಳು, ಸಂದುಗಳಲ್ಲಿ ವರ್ಷವಿಡೀ ತಂಪಾದ, ತೇವದ ಗಾಳಿ. ಆ ಗಾಳಿಕಿಂಡಿಗಳಿಗೆ ಫ್ಲೋರೀನ್ ಅನ್ನುತ್ತಾರೆ. ನೀರನ್ನು ನುಂಗಿದ ಅದೇ ಸುಣ್ಣಕಲ್ಲು ಇಲ್ಲಿ ಊರಿಗೆ ಅನ್ನ ಕೊಡುತ್ತಿದೆ. ಹಸಿ ಕುರಿಹಾಲನ್ನು ಒಡೆಸಿ ಮಾಡಿದ ಚೀಸ್ ಅಚ್ಚಿಗೆ ಒಂದು ಜಾತಿಯ ಬೂಷ್ಟು ಸೇರಿಸಿ, ಸೂಜಿಯಿಂದ ಚುಚ್ಚಿ ಗಾಳಿ ಆಡುವಂತೆ ಮಾಡಿ, ಗುಹೆಯಲ್ಲಿ ಇಡುತ್ತಾರೆ. ಒಳಗೆಲ್ಲ ನೀಲಿಹಸಿರು ನರ ಹಬ್ಬುತ್ತದೆ. ಮಾರಾಟಕ್ಕೆ ಬರಲು ಕನಿಷ್ಠ 90 ದಿನ. ಒಂದು ಕಿಲೋ ಚೀಸ್‌ಗೆ ನಾಲ್ಕೂವರೆ ಲೀಟರಿನಷ್ಟು ಹಾಲು. 1925ರಲ್ಲಿ ಫ್ರಾನ್ಸ್ ಸರ್ಕಾರ ಇದರ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಬೇರೆಡೆ ಮಾಡಿದ್ದಕ್ಕೆ ರೋಕ್‌ಫೋರ್ ಅನ್ನುವ ಹಾಗಿಲ್ಲ. ಚೀಸ್‌ಗಳಲ್ಲಿ ಇಂಥ ರಕ್ಷಣೆ ಮೊದಲು ಸಿಕ್ಕಿದ್ದು ಇದಕ್ಕೇ.

ರುಚಿ? ಮೊದಲ ತುತ್ತಿಗೆ ಉಪ್ಪು, ಆಮೇಲೆ ಖಾರವಲ್ಲದ ಒಂದು ಚುರುಕು, ಆಮೇಲೆ ಬೆಣ್ಣೆ. ಮನೆಯಲ್ಲಿ ಬೂಷ್ಟು ಬಂದ ರೊಟ್ಟಿ ಎಸೆದು ಬೆಳೆದವರಿಗೆ ಕೈ ಹಿಂಜರಿಯುವುದು ಸಹಜ. ಆದರೆ ಜೇನುತುಪ್ಪದ ಜೊತೆ ತಿಂದು ನೋಡಿ.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಈ ಬಯಲು ಮರವಿಲ್ಲದೆ, ಬೋಳಾಗಿ, ವಿಶಾಲವಾಗಿ ಕಾಣುತ್ತದಲ್ಲ, ಅದು ತಾನಾಗಿ ಹಾಗಿರುವುದಲ್ಲ. ಕುರಿ ಮೇಯಿಸುವುದನ್ನು ನಿಲ್ಲಿಸಿದರೆ ಕೆಲವೇ ವರ್ಷಕ್ಕೆ ಪೊದೆ, ಪೈನ್ ಮರ ಎದ್ದು ಬಯಲು ಮುಚ್ಚಿಹೋಗುತ್ತದೆ. ಆ ಖಾಲಿತನವನ್ನು ಶತಮಾನಗಟ್ಟಲೆ ದುಡಿದು ಮಾಡಿದ್ದಾರೆ. 2011ರಲ್ಲಿ ಯುನೆಸ್ಕೊ ಈ ಕೋಸ್‌ಗಳನ್ನೂ ಪಕ್ಕದ ಸೆವೆನ್ ಬೆಟ್ಟಸೀಮೆಯನ್ನೂ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಈ ಮೇಯಿಸುವ ಬದುಕನ್ನು ನೋಡಿಯೇ.

ಆದರೆ ಅದಕ್ಕೆ 40 ವರ್ಷ ಮೊದಲು ಸರ್ಕಾರಕ್ಕೆ ಕಂಡದ್ದು ಬೇರೆ.

ಲಾ ಕುವೆರ್ತ್ವರಾದ್‌ನಿಂದ ಉತ್ತರಕ್ಕೆ ಲಾ ಕಾವಲ್ರಿ ಎಂಬ ಊರಿದೆ. ಅದೂ ಟೆಂಪ್ಲರ್‌ಗಳ ಊರೇ. 1902ರಿಂದ ಅಲ್ಲಿ ಸೈನ್ಯದ ತರಬೇತಿ ಶಿಬಿರ. ಸುಮಾರು 3,000 ಹೆಕ್ಟೇರ್. ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಸಾವಿರಾರು ಅಲ್ಜೀರಿಯನ್ನರನ್ನು ವಿಚಾರಣೆ ಇಲ್ಲದೆ ಇಲ್ಲಿ ಕೂಡಿಹಾಕಿದ್ದರು. 1962ರಲ್ಲಿ ಯುದ್ಧ ಮುಗಿದಾಗ, ಫ್ರಾನ್ಸಿನ ಪರ ಹೋರಾಡಿ ಊರು ಬಿಟ್ಟು ಓಡಿಬಂದ ಅಲ್ಜೀರಿಯನ್ ಕುಟುಂಬಗಳನ್ನೂ ಇದೇ ಶಿಬಿರಕ್ಕೆ ತಂದು ಹಾಕಿದರು. ಯಾರ ಕಣ್ಣಿಗೂ ಬೀಳಬಾರದ್ದನ್ನು ಇಡಲು ದೂರದ ಬಯಲು ಒಳ್ಳೆಯದು ಅಂತ ಲೆಕ್ಕ.

1971ರ ಅಕ್ಟೋಬರ್‌ನಲ್ಲಿ ರಕ್ಷಣಾ ಮಂತ್ರಿ ಮಿಶೆಲ್ ದೆಬ್ರೆ ಟಿವಿಯಲ್ಲಿ ಹೇಳಿದ: ಶಿಬಿರ 17,000 ಹೆಕ್ಟೇರ್ ಆಗಲಿದೆ. ನಮ್ಮ ಲೆಕ್ಕದಲ್ಲಿ 42,000 ಎಕರೆ. ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಹೊರಡಬೇಕು. ಅಲ್ಲಿ ಇರುವವರೇ ಕೆಲವರು, ಅವರೂ ಹಿಂದುಳಿದವರು, ಪರಿಹಾರ ಕೊಟ್ಟರೆ ಮುಗಿಯಿತು ಅನ್ನುವ ಧಾಟಿ.

ಈ ರೈತರು ಯಾರು ಅಂತ ನೋಡಬೇಕು. ಬಹುಪಾಲು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಕ್ಯಾಥೊಲಿಕರು. ಆಳುವ ಪಕ್ಷಕ್ಕೇ ವೋಟು ಹಾಕಿಕೊಂಡು ಬಂದವರು. ಧರಣಿ, ಘೋಷಣೆ ಎಲ್ಲಾ ನಗರದವರ ಕೆಲಸ ಅಂದುಕೊಂಡವರು. ಇವರ ನಡುವೆ 1972ರ ಮಾರ್ಚ್‌ನಲ್ಲಿ ಬಿಳಿ ಗಡ್ಡದ ಒಬ್ಬ ಮುದುಕ ಬಂದು, ಲಾ ಕಾವಲ್ರಿಯಲ್ಲಿ 15 ದಿನ ಉಪವಾಸ ಕೂತ. ಹೆಸರು ಲಾಂಜಾ ದೆಲ್ ವಾಸ್ತೊ. ಇಟಲಿಯಲ್ಲಿ ಹುಟ್ಟಿದವನು. 1937ರಲ್ಲಿ ವಾರ್ಧಾಕ್ಕೆ ಹೋಗಿ ಗಾಂಧೀಜಿಯ ಜೊತೆ ಇದ್ದು ಬಂದವನು. ಗಾಂಧೀಜಿ ಇವನಿಗೆ ಶಾಂತಿದಾಸ್ ಅಂತ ಹೆಸರಿಟ್ಟಿದ್ದರು. ಲಾರ್ಜಾಕ್‌ನ ದಕ್ಷಿಣದ ಗುಡ್ಡಗಳಲ್ಲಿ ಒಂದು ಆಶ್ರಮದಂಥದ್ದು ಕಟ್ಟಿಕೊಂಡು, ನೂಲು ತೆಗೆದು ಬದುಕುತ್ತಿದ್ದ. ರೈತರು ಮೊದಲು ಅನುಮಾನದಿಂದಲೇ ನೋಡಿದರಂತೆ. ಆಮೇಲೆ ಸರದಿಯ ಮೇಲೆ ಬಂದು ಜೊತೆಗೆ ಉಪವಾಸ ಕೂರತೊಡಗಿದರು. ಬಿಷಪ್‌ಗಳೂ ಬಂದರು. ಆ ಉಪವಾಸ ಇನ್ನೂ ನಡೆಯುತ್ತಿದ್ದಾಗಲೇ, ಮಾರ್ಚ್ 28ರಂದು, 103 ರೈತರು ಒಂದು ಪ್ರತಿಜ್ಞೆಗೆ ಸಹಿ ಹಾಕಿದರು. ಸೈನ್ಯಕ್ಕೆ ಯಾರೂ ಜಮೀನು ಮಾರುವುದಿಲ್ಲ. ಎಷ್ಟು ಕೊಟ್ಟರೂ ಸರಿ, ಒಬ್ಬೊಬ್ಬರಾಗಿ ಮಾತಾಡುವುದಿಲ್ಲ.

ವಾರ್ಧಾದ ಕುಟೀರದಿಂದ ಹೊರಟ ಒಂದು ವಿಷಯ ಕುರಿ ಮೇಯಿಸುವ ಕ್ಯಾಥೊಲಿಕರ ಕೈಗೆ ಸೇರಿದ್ದು ಹೀಗೆ. ನನಗೆ ಇದು ಟೆಂಪ್ಲರ್ ಕಥೆಗಿಂತ ದೊಡ್ಡದು. ಆದರೆ ಅಂಗಡಿಗಳಲ್ಲಿ ಮಾರುವುದು ಪ್ಲಾಸ್ಟಿಕ್ ಕತ್ತಿಗಳನ್ನೇ.

ಮುಂದಿನದು ಹತ್ತು ವರ್ಷ. ಕೆಲವನ್ನು ಹೇಳಿದರೆ ಸಾಕು. 1972ರ ಅಕ್ಟೋಬರ್‌ನಲ್ಲಿ 60 ಕುರಿಗಳನ್ನು ಲಾರಿಯಲ್ಲಿ ತಂದು ಪ್ಯಾರಿಸ್‌ನ ಐಫೆಲ್ ಟವರ್ ಕೆಳಗೆ ಮೇಯಲು ಬಿಟ್ಟರು. ಪೊಲೀಸರು ಕುರಿ ಅಟ್ಟಿಸಿಕೊಂಡು ಓಡಿದರು. 1973ರ ಜನವರಿಯ ಚಳಿಯಲ್ಲಿ ಟ್ರ್ಯಾಕ್ಟರ್ ಹತ್ತಿ ರಾಜಧಾನಿಗೆ ಹೊರಟರು. ಓರ್ಲಿಯಾನ್‌ನಲ್ಲಿ ತಡೆದಾಗ ಟ್ರ್ಯಾಕ್ಟರ್ ಬಿಟ್ಟು ನಡೆದರು. ಆ ವರ್ಷ, ಮರುವರ್ಷ ಬೇಸಿಗೆಯಲ್ಲಿ ಬಯಲಿಗೆ ಲಕ್ಷದ ಲೆಕ್ಕದಲ್ಲಿ ಜನ ಬಂದರು. ಉದ್ದ ಕೂದಲಿನ ವಿದ್ಯಾರ್ಥಿಗಳು, ಕಾರ್ಖಾನೆ ಕಾರ್ಮಿಕರು, ಪಾದ್ರಿಗಳು, ದಕ್ಷಿಣ ಫ್ರಾನ್ಸಿನ ಹಳೆಯ ನುಡಿಯಾದ ಒಕ್ಸಿತಾನ್ ಭಾಷೆಯ ಹೋರಾಟಗಾರರು. 'ಗಾರ್ದಾರೆಮ್ ಲೊ ಲಾರ್ಜಾಕ್', ಲಾರ್ಜಾಕ್ ಉಳಿಸಿಕೊಳ್ಳುತ್ತೇವೆ, ಅನ್ನುವ ಘೋಷಣೆ ಒಕ್ಸಿತಾನ್‌ನದ್ದೇ. ಬಂದವರಿಗೂ ಊರಿನವರಿಗೂ ಎಲ್ಲವೂ ಸರಿಹೋಗಲಿಲ್ಲ. ಯಾರು ನಿರ್ಧಾರ ಮಾಡಬೇಕು ಅನ್ನುವ ಜಗಳ ಕೊನೆಯವರೆಗೂ ಇತ್ತು. ಆದರೂ ಒಂದು ವಿಷಯದಲ್ಲಿ ರೈತರು ಗಟ್ಟಿಯಾಗಿ ನಿಂತರು: ಹೊಡೆದಾಟ ಬೇಡ. 1975ರಲ್ಲಿ ಒಬ್ಬ ರೈತನ ಮನೆಗೆ ರಾತ್ರಿ ಬಾಂಬ್ ಇಟ್ಟು ಸ್ಫೋಟಿಸಿದರು. ಒಳಗೆ ಹೆಂಡತಿ ಮಕ್ಕಳೆಲ್ಲ ಮಲಗಿದ್ದರು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಆಗಲೂ ಅವರು ತಿರುಗಿ ಕೈ ಎತ್ತಲಿಲ್ಲ.

ಅವರು ಮಾಡಿದ್ದು ಕಟ್ಟುವ ಕೆಲಸ. ಲಾ ಬ್ಲಾಕಿಯೆರ್ ಎಂಬಲ್ಲಿ, ಸೈನ್ಯ ಕೇಳುತ್ತಿದ್ದ ಜಾಗದಲ್ಲೇ, ಪರವಾನಗಿ ಇಲ್ಲದೆ ಒಂದು ದೊಡ್ಡ ಕುರಿಹಟ್ಟಿ ಎಬ್ಬಿಸಿದರು. ದೇಶದ ಬೇರೆ ಬೇರೆ ಕಡೆಯ ಜನ ತಾವು ಕಟ್ಟಬೇಕಾದ ತೆರಿಗೆಯಲ್ಲಿ ನೂರಕ್ಕೆ ಮೂರು ಪಾಲು ತಡೆಹಿಡಿದು ಇಲ್ಲಿಗೆ ಕಳಿಸಿದರು. ಕಲ್ಲು ಕೆತ್ತಲು ಎಲ್ಲೆಲ್ಲಿಂದಲೋ ಬಂದರು. ಈ ಕಟ್ಟಡ ಇವತ್ತಿಗೂ ಇದೆ. ಸಾಲು ಸಾಲು ಕಲ್ಲಿನ ಕಮಾನು. ಇನ್ನೊಂದು ಉಪಾಯ, ಜಮೀನನ್ನು ಸಾವಿರಾರು ಜನರ ಹೆಸರಿಗೆ ಪಾಲು ಮಾಡಿ ಕೊಳ್ಳುವುದು. ಸ್ವಾಧೀನದ ನೋಟಿಸು ಯಾರಿಗೆ ಅಂತ ಕಳಿಸುತ್ತೀರಿ? 1978ರ ಕೊನೆಗೆ ಮತ್ತೆ ಪ್ಯಾರಿಸ್‌ಗೆ ಹೊರಟರು. ಈ ಸಲ ಪೂರ್ತಿ ಕಾಲ್ನಡಿಗೆ, 700 ಕಿಲೋಮೀಟರ್‌ಗೂ ಹೆಚ್ಚು.

1981ರ ಮೇ 10ರಂದು ಫ್ರಾಂಸ್ವಾ ಮಿತೆರಾಂ ಅಧ್ಯಕ್ಷನಾಗಿ ಗೆದ್ದ. ಮುಂದಿನ ತಿಂಗಳೇ ಶಿಬಿರ ವಿಸ್ತರಣೆ ರದ್ದಾಯಿತು. ಲಾಂಜಾ ದೆಲ್ ವಾಸ್ತೊ ಆ ಜನವರಿಯಲ್ಲಷ್ಟೇ ತೀರಿಹೋಗಿದ್ದ.

ಲಾರ್ಜಾಕ್ ಹೆಸರು ನಮ್ಮ ಕಡೆ ಕೇಳಿದ್ದರೆ ಅದು ಬಹುಶಃ ಜೋಸೆ ಬೊವೆಯಿಂದ. ಹೋರಾಟಕ್ಕೆ ಅಂತ ಬಂದು, 1976ರಿಂದ ಇಲ್ಲೇ ಕುರಿ ಸಾಕಿ ನಿಂತವನು. 1999ರ ಬೇಸಿಗೆ ನಮ್ಮವರಿಗೂ ಇವರಿಗೂ ಭೇಟಿಯ ಕಾಲ. ಕರ್ನಾಟಕ ರಾಜ್ಯ ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿಯವರು ಮುಂದೆ ನಿಂತು ಭಾರತದ ನೂರಾರು ರೈತರನ್ನು ಯುರೋಪಿಗೆ ಕರೆದುಕೊಂಡು ಹೋಗಿದ್ದರು. ಅವರಲ್ಲಿ ಹಸಿರು ಶಾಲಿನವರೇ ಬಹಳ. ಜೂನ್‌ನಲ್ಲಿ ಮೋಂಪೆಲಿಯೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಕುಲಾಂತರಿ ಭತ್ತದ ಸಸಿಗಳನ್ನು ಬೊವೆ ಮತ್ತು ಗೆಳೆಯರು ಕಿತ್ತುಹಾಕಿದಾಗ ಭಾರತದ ರೈತರೂ ಜೊತೆಗಿದ್ದರು. ಅಮೆರಿಕ ರೋಕ್‌ಫೋರ್ ಚೀಸ್ ಮೇಲೆ ನೂರಕ್ಕೆ ನೂರು ಸುಂಕ ಹಾಕಿದ್ದಕ್ಕೆ ಉತ್ತರವಾಗಿ, ಆಗಸ್ಟ್‌ನಲ್ಲಿ ಬಯಲಿನ ಕೆಳಗಿನ ಮಿಯೋ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಹಗಲಿನಲ್ಲೇ ಬಿಚ್ಚಿಹಾಕಿದರು. ಬೊವೆ ಜೈಲಿಗೆ ಹೋದ. ಇದನ್ನೆಲ್ಲ ಒಪ್ಪಲೇಬೇಕು ಅಂತಿಲ್ಲ. ಸಸಿ ಕೀಳುವುದಕ್ಕೂ ಕುರಿಹಟ್ಟಿ ಕಟ್ಟುವುದಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಅನಿಸುತ್ತದೆ. ನನ್ನ ಮನಸ್ಸು ಎರಡನೆಯದರ ಕಡೆ.

ಗೆದ್ದ ಮೇಲೆ ಏನು ಮಾಡಿದರು ಅನ್ನುವುದು ಯಾರೂ ಅಷ್ಟಾಗಿ ಹೇಳದ ಭಾಗ. ಸೈನ್ಯ ಆಗಲೇ ಕೊಂಡಿದ್ದ ಸುಮಾರು 6,300 ಹೆಕ್ಟೇರ್ ಸರ್ಕಾರದ ಹೆಸರಲ್ಲೇ ಉಳಿದಿತ್ತು. ಅದನ್ನು ಬಿಡಿಬಿಡಿಯಾಗಿ ಮಾರಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. 1985ರಲ್ಲಿ ರೈತರೇ ಸೇರಿ ಒಂದು ಸಂಸ್ಥೆ ಮಾಡಿ, ಇಡೀ ಜಮೀನನ್ನು ಸರ್ಕಾರದಿಂದ ದೀರ್ಘ ಗುತ್ತಿಗೆಗೆ ಪಡೆದರು. ಯಾರಿಗೆ ಯಾವ ಹೊಲ, ಯಾವ ಮನೆ ಅಂತ ಆ ಸಂಸ್ಥೆಯೇ ಕೊಡುತ್ತದೆ. ದುಡಿಯುವಷ್ಟು ಕಾಲ ಜಮೀನು ನಿಮ್ಮದು. ನಿವೃತ್ತಿಯಾದ ದಿನ ವಾಪಸ್. ಮಾರುವ ಹಾಗಿಲ್ಲ, ಮಕ್ಕಳಿಗೆ ಬರೆದುಕೊಡುವ ಹಾಗಿಲ್ಲ. ಇನ್ನೊಬ್ಬ ಕಿರಿಯ ರೈತನಿಗೆ, ರೈತಳಿಗೆ ಅದು ಹೋಗುತ್ತದೆ.

ಕೇಳಲು ಚೆಂದ. ಬದುಕಲು ಕಷ್ಟ. ಮೂವತ್ತು ವರ್ಷ ಇದ್ದ ಮನೆಯನ್ನು, ತಾನೇ ರಿಪೇರಿ ಮಾಡಿದ ಛಾವಣಿಯನ್ನು ಬಿಟ್ಟು ಹೋಗು ಅಂದರೆ ಯಾರಿಗೆ ಸುಲಭ? ಮನೆಗೆ ಹಾಕಿದ ಹಣಕ್ಕೆ ಲೆಕ್ಕ ಹೇಗೆ ಅನ್ನುವುದೇ ದೊಡ್ಡ ತಲೆನೋವು. ಆದರೆ ಇದರ ಇನ್ನೊಂದು ಮುಖ ಬಯಲಲ್ಲಿ ಕಣ್ಣಿಗೆ ಕಾಣುತ್ತದೆ. ದಕ್ಷಿಣ ಫ್ರಾನ್ಸಿನ ಎಷ್ಟೋ ಚೆಂದದ ಹಳ್ಳಿಗಳು ರಜೆಗೆ ಬರುವವರ ಎರಡನೇ ಮನೆಗಳಾಗಿ, ಚಳಿಗಾಲವಿಡೀ ಬೀಗ ಹಾಕಿಕೊಂಡಿರುತ್ತವೆ. ಈ ಗುತ್ತಿಗೆಯ ಜಮೀನಲ್ಲಿ ಅದಕ್ಕೆ ಜಾಗವಿಲ್ಲ. ಅಪ್ಪನಿಂದ ಒಂದು ಗೇಣು ಭೂಮಿಯೂ ಬರದ ಹುಡುಗ ಹುಡುಗಿಯರು ಬಂದು ಕುರಿ, ಮೇಕೆ, ಜೇನು ಸಾಕುತ್ತಿದ್ದಾರೆ. ಲಾ ಕುವೆರ್ತ್ವರಾದ್‌ನ ಗೋಡೆಯ ಒಳಗೆ ಇರುವುದು ಬೇರೆ ಲೋಕ. ಅಲ್ಲಿ ಕುಂಬಾರರು, ನೇಯುವವರು, ಕ್ರೇಪ್ ಎಂಬ ತೆಳು ದೋಸೆಯ ಅಂಗಡಿಗಳು. ಪ್ರವಾಸಿ ಹಣದಿಂದ ಛಾವಣಿಗಳು ಉಳಿದುಕೊಂಡಿವೆ ಅನ್ನುವುದೂ ನಿಜ. ನಾನು ಹಗುರವಾಗಿ ಮಾತಾಡಲಾರೆ.

ಶಿಬಿರವೂ ಹೋಗಿಲ್ಲ. ಹಳೆಯ 3,000 ಹೆಕ್ಟೇರ್‌ನಲ್ಲಿ ಅದು ಹಾಗೆಯೇ ಇದೆ. 2016ರಲ್ಲಿ ವಿದೇಶಿ ಸೈನಿಕರ ದಳ, ಫಾರಿನ್ ಲೀಜನ್‌ನ ಒಂದು ಘಟಕ, ಅಲ್ಲಿಗೆ ಬಂದು ನೆಲೆಸಿತು. ಲಾ ಕಾವಲ್ರಿಯ ಬೇಕರಿ, ಶಾಲೆಗಳಿಗೆ ಇದರಿಂದ ಜೀವ ಬಂತು ಅನ್ನುವವರಿದ್ದಾರೆ, ಹಳೆಯ ಗಾಯ ಕೆದಕಿತು ಅನ್ನುವವರೂ ಇದ್ದಾರೆ. ರೈತರ ಸಂಸ್ಥೆಯ ಗುತ್ತಿಗೆಯನ್ನು ಮಾತ್ರ 2013ರಲ್ಲಿ ಸರ್ಕಾರವೇ ವಿಸ್ತರಿಸಿಕೊಟ್ಟಿದೆ, 2083ರವರೆಗೆ. ಸಹಿ ಹಾಕಿದವರಲ್ಲಿ ಯಾರೂ ಆ ವರ್ಷ ನೋಡಲಿಕ್ಕಿಲ್ಲ. ಅಷ್ಟರಲ್ಲಿ ಜಮೀನು ಇನ್ನೂ ಎರಡು ಮೂರು ಕೈ ದಾಟಿರುತ್ತದೆ, ಪ್ರತಿ ಸಲವೂ ಯಾರೋ ಒಬ್ಬರು ಮನೆ ಖಾಲಿ ಮಾಡುತ್ತ ಗೊಣಗಿಕೊಂಡಿರುತ್ತಾರೆ.